ಲೆಕ್ಕಕ್ಕೆ ಸಿಗದ ನಷ್ಟ

2002ರ ಒಂದು ರಾತ್ರಿ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಮಕ್ಕಳ ವೈದ್ಯರೊಬ್ಬರು ಮನೆಯ ಮುಂದೆ ಕಾರನ್ನು ರಿವರ್ಸ್ ತೆಗೆಯುತ್ತಿದ್ದರು. ಕನ್ನಡಿ ನೋಡಿದರು, ತಿರುಗಿಯೂ ನೋಡಿದರು. ಹಿಂದೆ ಬಂದಿದ್ದ ಎರಡು ವರ್ಷದ ಮಗ ಕ್ಯಾಮರಾನ್ ಮಾತ್ರ ಕಾಣಲಿಲ್ಲ. ಮಗು ಉಳಿಯಲಿಲ್ಲ.

ಅವನ ಹೆಸರಿನಲ್ಲೇ 2008ರಲ್ಲಿ ಕಾನೂನು ಬಂತು. ಕಾರಿನ ಹಿಂಬದಿ ಚಾಲಕನಿಗೆ ಕಾಣುವಂತೆ ಸುರಕ್ಷತಾ ನಿಯಮ ತಿದ್ದಬೇಕು ಎಂದಿತು. ಅಧಿಕಾರಿಗಳು ಲೆಕ್ಕಕ್ಕೆ ಕೂತರು. ಕ್ಯಾಮೆರಾ, ಪರದೆ ಎರಡೂ ಸೇರಿ ಕಾರೊಂದಕ್ಕೆ 132ರಿಂದ 142 ಡಾಲರ್. ಪರದೆ ಮೊದಲೇ ಇದ್ದರೆ 43ರಿಂದ 45. ಎಲ್ಲ ಕಾರುಗಳಿಗೂ ಅಳವಡಿಸಿದರೆ ವರ್ಷಕ್ಕೆ ಉಳಿಯುವ ಜೀವಗಳು 58ರಿಂದ 69. ಒಂದು ಜೀವಕ್ಕೆ ಸರ್ಕಾರಿ ಕಡತ ಕಟ್ಟಿದ್ದ ಬೆಲೆ ಸುಮಾರು 91 ಲಕ್ಷ ಡಾಲರ್. ಕೂಡಿ ಕಳೆದಾಗ ಪ್ರಯೋಜನಕ್ಕಿಂತ ಖರ್ಚೇ ಹೆಚ್ಚಾಯಿತು!

ಹಾಗೆಂದು ನಿಯಮ ನಿಲ್ಲಲಿಲ್ಲ. ತಡವಾದರೂ 2014ರಲ್ಲಿ ಹೊರಬಂತು. 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಕೈಯಾರೆ ಮಗುವನ್ನು ಕಳೆದುಕೊಂಡ ತಂದೆತಾಯಿಯ ಸಂಕಟವನ್ನು ಡಾಲರಿನಲ್ಲಿ ಅಳೆಯಲಾಗದು ಎಂಬುದನ್ನು ಆ ಕಡತವೇ ಒಪ್ಪಿಕೊಂಡಿತ್ತು.

ಶಾಲೆಯಲ್ಲಿ ಲಾಭ-ನಷ್ಟದ ಲೆಕ್ಕ ಬಿಡಿಸುವ ಮಕ್ಕಳು ಇದನ್ನೂ ಕಲಿಯಲಿ. ಉತ್ತರದ ಕೆಳಗೆ ಗೆರೆ ಎಳೆಯುವ ಮುನ್ನ ಒಮ್ಮೆ ಕೇಳಿಕೊಳ್ಳಬೇಕು: ಲೆಕ್ಕದಿಂದ ಹೊರಗೇ ಉಳಿದದ್ದು ಏನು?