ಸದ್ದನ್ನು ಅಳೆದ ಕಡಲೂರು

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಚಿಚೆಸ್ಟರ್ ಪಟ್ಟಣದಿಂದ ಏಳೆಂಟು ಮೈಲಿಗಳಾಚೆ, ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯಿದೆ. ಇಳಿತದ ಹೊತ್ತಿನಲ್ಲಿ ಮರಳು ಬಹುದೂರ ತೆರೆದುಕೊಳ್ಳುತ್ತದೆ. ತಿಳಿಯಾದ ದಿನ ಐಲ್ ಆಫ್ ವೈಟ್ ದ್ವೀಪವು ನೀಲಿಯ ಗೆರೆಯಾಗಿ ಕಾಣುತ್ತದೆ. ಬೇಸಗೆಯ ಪ್ರವಾಸಿಗಳು ಬರುವುದು ಈ ಮರಳಿಗಾಗಿ. ಊರೊಳಗಿನ ‘ಎಲ್ಮ್‌ಸ್ಟೆಡ್’ ಎಂಬ ಮನೆಯನ್ನು ಅರಸಿ ಬರುವವರು ವಿರಳ. ನಿಶ್ಶಬ್ದತೆಗೆ ಹೆಸರಾದ ರೋಲ್ಸ್-ರಾಯ್ಸ್ ಕಾರಿನ ಶಿಲ್ಪಿ ಹೆನ್ರಿ ರಾಯ್ಸ್ 1917ರಿಂದ ನೆಲೆಸಿದ್ದುದು ಅಲ್ಲಿಯೇ.

ಬಾಲ್ಯದಲ್ಲಿ ಪತ್ರಿಕೆ ಮಾರಿ ಹೊಟ್ಟೆ ಹೊರೆದ ರಾಯ್ಸ್, 1904ರಲ್ಲಿ ಮ್ಯಾಂಚೆಸ್ಟರಿನ ಕುಕ್ ಬೀದಿಯಲ್ಲಿ ತಮ್ಮ ಮೊದಲ ಕಾರನ್ನು ಕಟ್ಟಿದರು. ಕೊಂಡು ತಂದಿದ್ದ ಫ್ರೆಂಚ್ ಗಾಡಿಯ ಕರ್ಕಶತೆ ಅವರಿಗೆ ಸಹನೆಯಾಗಿರಲಿಲ್ಲ. 1908ರಲ್ಲಿ ಡರ್ಬಿ ನಗರದಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. ಆದರೆ 1911ರಲ್ಲಿ ತೀವ್ರ ಕಾಯಿಲೆ ಬಿದ್ದ ರಾಯ್ಸ್ ಅದರಿಂದ ದೂರವಿರಬೇಕಾಯಿತು. ಶಿಲ್ಪಿ ಕಾರ್ಖಾನೆಗೆ ಹೋಗಲಾರ. ಪ್ರಯೋಗದ ಕಾರುಗಳೇ ಇನ್ನೂರು ಮೈಲಿಗೆ ಸಮೀಪದ ದಾರಿ ಸವೆಸಿ ಅವರ ಬಾಗಿಲಿಗೆ ಬಂದವು.

ಒಂದು ಲೆಕ್ಕದಲ್ಲಿ ಇದು ಒಳಿತೇ ಆಯಿತೆನ್ನಬೇಕು. ಸುತ್ತಿಗೆಗಳ ಮೊರೆತದಲ್ಲಿ ಅಡಗಿಹೋಗುವ ಸಣ್ಣ ಗೊರಗೊರ ಹಳ್ಳಿಯ ಓಣಿಯಲ್ಲಿ ಅಡಗಲಾರದು.

ಸದ್ದಿನ ಮೂಲವಾದರೂ ಎಷ್ಟು! 1907ರಲ್ಲಿ 15,000 ಮೈಲಿ ಓಡಿ ಕೀರ್ತಿ ಪಡೆದ ‘ಸಿಲ್ವರ್ ಘೋಸ್ಟ್’ ಕಾರಿಗೆ ಆರು ಸಿಲಿಂಡರುಗಳು. ಯಂತ್ರ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಸೆಕೆಂಡಿಗೆ ಐವತ್ತು ಸ್ಫೋಟ. ಪ್ರತಿಯೊಂದರ ಬಿಸಿ ಹೊಗೆಯೂ ಒತ್ತಡದಿಂದ ಹೊರನುಗ್ಗುತ್ತದೆ. ಸೈಲೆನ್ಸರ್ ಎಂಬ ಉಕ್ಕಿನ ಉರುಳೆ ಅದಕ್ಕೆ ಹಿಗ್ಗಲು ಎಡೆಕೊಟ್ಟು, ರಂಧ್ರವಿರುವ ಕೊಳವೆಗಳಲ್ಲಿ, ಅಡ್ಡಗೋಡೆಗಳ ನಡುವೆ ತಿರುಗಿಸಿ, ಸದ್ದಿನ ಅಲೆಗಳು ಒಂದನ್ನೊಂದು ತಾಗಿ ಕುಗ್ಗುವಂತೆ ಮಾಡುತ್ತದೆ. ಅಡ್ಡಗೋಡೆ ಹೆಚ್ಚಿದಷ್ಟೂ ಸದ್ದು ತಗ್ಗುವುದು ನಿಜ. ಆದರೆ ಹೊರಹೋಗದ ಹೊಗೆ ಸಿಲಿಂಡರಿನಲ್ಲೇ ಉಳಿದು ಹೊಸ ಉಸಿರಿಗೆ ಜಾಗ ಬಿಡದು. ಯಂತ್ರಕ್ಕೆ ಅದು ನುಂಗಲಾರದ, ಉಗುಳಲಾರದ ತುತ್ತು! ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಅದಕ್ಕಾಗಿಯೇ ಆಗಿನ ಅನೇಕ ಕಾರುಗಳಲ್ಲಿ ಸೈಲೆನ್ಸರನ್ನು ತಪ್ಪಿಸಿ ಹೊಗೆಯನ್ನು ನೇರವಾಗಿ ಬಿಡುವ ಕವಾಟವೊಂದಿರುತ್ತಿತ್ತು. ಚಾಲಕನ ಕಷ್ಟ ತೀರಿ ಊರಿನವರ ಕಷ್ಟ ಆರಂಭವಾಗುತ್ತಿತ್ತು.

ಪರೀಕ್ಷಕನ ಬವಣೆ ಅಷ್ಟಕ್ಕೇ ಮುಗಿಯದು. ಬಾಲದ ಕೊಳವೆ ಉದ್ದವಾದರೆ ಒಂದು ಸ್ವರ, ಗಿಡ್ಡವಾದರೆ ಇನ್ನೊಂದು. ಕೊಳಲಿನ ನಿಯಮವೇ ಇಲ್ಲಿಯದೂ. ನಲವತ್ತು ಮೈಲಿ ವೇಗದಲ್ಲಿ ಸೌಮ್ಯವಾಗಿದ್ದ ಗಾಡಿ ನಲವತ್ತೈದಕ್ಕೆ ಗುಂಯ್‌ಗುಟ್ಟಬಹುದು. 1920ರ ದಶಕದಲ್ಲಿ ಮುಚ್ಚಿದ ಮೈಯ ಕಾರುಗಳು ಜನಪ್ರಿಯವಾದಾಗ, ಬಯಲಿನಲ್ಲಿ ಕರಗುತ್ತಿದ್ದ ಮಂದ್ರಧ್ವನಿ ಒಳಗೆ ಕುಳಿತವರ ಕಿವಿಯಲ್ಲಿ ಮೃದಂಗದಂತೆ ಮೊಳಗಿತು. ಹೊಗೆಯ ಸದ್ದನ್ನು ಅಡಗಿಸಿದೊಡನೆ ಹಲ್ಲುಚಕ್ರಗಳ ಗೊಣಗು ಕೇಳಿಸತೊಡಗುತ್ತಿತ್ತು. ಸವತಿಯನ್ನು ಓಡಿಸಿದರೆ ನಾದಿನಿ ಬಂದಳೆಂಬಂತೆ.

ಎಲ್ಮ್‌ಸ್ಟೆಡ್‌ನಿಂದ ಡರ್ಬಿಗೆ ಆಕ್ಷೇಪಣೆಗಳೂ ನಕ್ಷೆಗಳೂ ಎಡೆಬಿಡದೆ ಹೋಗುತ್ತಿದ್ದವು. 1928ರ ಅಕ್ಟೋಬರಿನಲ್ಲಿ ವಿಮಾನದ ‘ಆರ್’ ಯಂತ್ರದ ಮೊದಲ ಕಲ್ಪನೆಗಳನ್ನು ರಾಯ್ಸ್ ಇಲ್ಲಿಯ ಮರಳಿನ ಮೇಲೆ ಕೋಲಿನಿಂದ ಬರೆದು ಸಹಾಯಕರಿಗೆ ತೋರಿಸಿದರೆಂದು ಹೇಳುತ್ತಾರೆ. 1933ರ ಏಪ್ರಿಲ್ 22ರಂದು ಅವರು ಈ ಮನೆಯಲ್ಲಿಯೇ ತೀರಿಕೊಂಡರು. ಅದರ ಹಿಂದಿನ ರಾತ್ರಿ ಹಾಸಿಗೆಯಲ್ಲೆದ್ದು ಕುಳಿತು, ಲಕೋಟೆಯೊಂದರ ಬೆನ್ನಿನ ಮೇಲೆ ಗಾಡಿಯ ಕುಲುಕು ತಗ್ಗಿಸುವ ಸಾಧನವೊಂದನ್ನು ಗೀಚಿ, ಕಾರ್ಖಾನೆಯ ಹುಡುಗರಿಗೆ ತಲಪಿಸುವಂತೆ ದಾದಿಯ ಕೈಗೆ ಕೊಟ್ಟರೆಂದು ಪ್ರತೀತಿ.