ಹಿಂದಿರುಗದ ಬೆರಳು

ಐವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿಯಲು ಹೊರಟ ಉಪಾಧ್ಯಾಯನ ಪಾಡು ವಿನೋದಕರವಾದುದು. ಎಷ್ಟೋ ವರ್ಷ ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿದ ನನ್ನ ತಪ್ಪುಗಳನ್ನು ಕಂಪ್ಯೂಟರ್ ನಿರ್ದಾಕ್ಷಿಣ್ಯವಾಗಿ ಎತ್ತಿ ತೋರಿಸುತ್ತಿತ್ತು. ಒಮ್ಮೆ ಮಾತ್ರ ಅದು ಏನನ್ನೂ ಹೇಳದೆ ಸುಮ್ಮನಿದ್ದುಬಿಟ್ಟಿತು. ಆ ಮೌನದಿಂದ ನಾನು ಕಲಿತದ್ದೇ ಹೆಚ್ಚು.

ಆ ವರ್ಷ ಶೇಕಡ 90ಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡಬೇಕೆಂದು ನಮ್ಮ ಶಾಲೆಯಲ್ಲಿ ನಿಶ್ಚಯವಾಗಿತ್ತು. ಅಂಕಗಳ ಕಡತವನ್ನು ಓದಲು ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ಮೊದಲ ಸುತ್ತಿನಲ್ಲಿ ಅದು ವಿದ್ಯಾರ್ಥಿಗಳನ್ನು ಎಣಿಸಬೇಕು. ಎರಡನೆಯ ಸುತ್ತಿನಲ್ಲಿ ಅರ್ಹರನ್ನು ಆರಿಸಬೇಕು. ಉತ್ತರ ಬಂದಿತು: ವಿದ್ಯಾರ್ಥಿಗಳು 42, ಅರ್ಹರು 0. 'ಈ ವರ್ಷ ಯಾರೂ ಇಲ್ಲ' ಎಂದು ಸೂಚನಾ ಫಲಕದಲ್ಲಿ ಬರೆದು ಹಾಕಿದೆ.

ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳು ಅಂಜುತ್ತ ಬಂದು ನಿಂತಳು. "ಸಾರ್, ನನಗೆ 93 ಬಂದಿದೆಯಲ್ಲಾ?" ಎಂದಳು. 'ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲಮ್ಮ' ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಅವಳ ಕೈಯಲ್ಲಿದ್ದ ಅಂಕಪಟ್ಟಿಯೂ ಸುಳ್ಳು ಹೇಳುತ್ತಿರಲಿಲ್ಲ.

ಸಂಜೆ ಕುಳಿತು ಪರೀಕ್ಷಿಸಿದೆ. ಕಡತವನ್ನು ಓದುತ್ತಿದ್ದುದು 'ಇಟರೇಟರ್' ಎಂಬ ಸಾಧನ. ಅದು ಹಾಜರಿ ಪುಸ್ತಕವಲ್ಲ, ಪುಸ್ತಕದ ಮೇಲೆ ಸಾಗುವ ಉಪಾಧ್ಯಾಯರ ಬೆರಳು. 'ಮುಂದಿನದು' ಎಂದೊಡನೆ ಒಂದು ಹೆಸರನ್ನು ಕೊಟ್ಟು, ಒಂದು ಸಾಲು ಕೆಳಗಿಳಿಯುತ್ತದೆ, ಮತ್ತೆ ಮೇಲೇರುವುದಿಲ್ಲ. ಹೆಸರುಗಳು ಮುಗಿದಾಗ 'ಸ್ಟಾಪ್ ಇಟರೇಷನ್' ಎಂಬ ಸೂಚನೆ ಕೊಡುತ್ತದೆ. ಪ್ರೋಗ್ರಾಮಿನ 'ಫಾರ್' ಸುತ್ತು ಆ ಸೂಚನೆಯನ್ನು ತಾನೇ ಕೇಳಿಸಿಕೊಂಡು ಸದ್ದಿಲ್ಲದೆ ನಿಲ್ಲುತ್ತದೆ. ನನ್ನ ಎಣಿಕೆ ಮುಗಿಯುವಾಗಲೇ ಬೆರಳು ಕೊನೆಯ ಸಾಲನ್ನು ದಾಟಿತ್ತು. ಎರಡನೆಯ ಸುತ್ತಿಗೆ ಒಂದು ಹೆಸರೂ ಸಿಗಲಿಲ್ಲ.

ಇದು ಇಟರೇಟರಿನ ದೋಷವಲ್ಲ, ಅದರ ಸ್ವಭಾವ. ಒಂದು ಸಲಕ್ಕೆ ಒಂದೇ ಸಾಲನ್ನು ಹಿಡಿಯುವುದರಿಂದಲೇ ಲಕ್ಷಾಂತರ ಸಾಲುಗಳ ಕಡತವನ್ನೂ ಅದು ಅಲ್ಪ ಸ್ಮೃತಿಯಲ್ಲಿ ಓದಿ ಮುಗಿಸಬಲ್ಲುದು. 1970ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ಸಂಗಡಿಗರು ರೂಪಿಸಿದ 'ಕ್ಲೂ' ಭಾಷೆಯಲ್ಲಿಯೇ ಇಟರೇಟರುಗಳಿದ್ದವು. ಪೈಥಾನಿಗೆ ಅವು 2001ರಲ್ಲಿ, 2.2ನೆಯ ಆವೃತ್ತಿಯೊಡನೆ ಬಂದವು. 'ಲಿಸ್ಟ್' ಎಂಬುದರ ರೀತಿ ಬೇರೆ. ಅದು ಪುಸ್ತಕವಿದ್ದಂತೆ, ಪ್ರತಿ ಸುತ್ತಿಗೂ ಹೊಸದೊಂದು ಬೆರಳು ಮೊದಲ ಸಾಲಿನಿಂದ ಹೊರಡುತ್ತದೆ.

ಎಲ್ಲ ಸಾಲುಗಳನ್ನೂ ಮೊದಲು ಒಂದು ಲಿಸ್ಟಿನಲ್ಲಿ ತುಂಬಿಕೊಳ್ಳುವಂತೆ ಪ್ರೋಗ್ರಾಮನ್ನು ತಿದ್ದಿದೆ. ಏಳು ಹೆಸರುಗಳು ಬಂದವು. ಆ ಹುಡುಗಿಯದು ಮೂರನೆಯದು. ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಹೊಸ ಪಟ್ಟಿಯನ್ನು ಓದಿ, ತಪ್ಪು ಕಂಪ್ಯೂಟರಿನದಲ್ಲ, ನನ್ನದು ಎಂದು ಎಲ್ಲರೆದುರು ಒಪ್ಪಿಕೊಂಡೆ.

ಅಂದಿನಿಂದ ಸೊನ್ನೆಯನ್ನು ಕಂಡರೆ ನಾನು ಒಂದು ಗಳಿಗೆ ನಿಲ್ಲುತ್ತೇನೆ. 'ಹುಡುಕಿದೆ, ಯಾರೂ ಇಲ್ಲ' ಎಂಬುದು ಅದರ ಒಂದು ಅರ್ಥ. 'ನಾನು ಹುಡುಕಲೇ ಇಲ್ಲ' ಎಂಬುದು ಇನ್ನೊಂದು. ಬರೆದಾಗ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಯಾವುದೆಂದು ವಿಚಾರಿಸಿ ತಿಳಿಯಬೇಕಾದವರು ನಾವೇ.