ಕಿರಣ ಚಿಕಿತ್ಸೆ: ಹೊಲ ಮಾರುವ ಮುನ್ನ

ಪಿತ್ತನಾಳದ ಕ್ಯಾನ್ಸರಿಗೆ ನಮ್ಮ ಅಣ್ಣನವರ ಶಸ್ತ್ರಚಿಕಿತ್ಸೆಯಾಗಿತ್ತು. ಕತ್ತರಿಸಿದ ಅಂಚಿನಲ್ಲಿ ರೋಗದ ಶೇಷ ಕಂಡದ್ದರಿಂದ ಕಿರಣ ಚಿಕಿತ್ಸೆಯೂ ಬೇಕೆಂದರು ವೈದ್ಯರು. ಎರಡು ವಿಧಾನಗಳಲ್ಲಿ ಒಂದು ದುಬಾರಿ. ಮೈಲೂರಿನ ನಮ್ಮ ಮನೆಯಲ್ಲಿ ಹೊಲ ಮಾರುವ ಮಾತು ಎದ್ದಿತು. ಆಗ ನಾವು ವಿಚಾರಿಸಿ ತಿಳಿದುದನ್ನು ಶರಣ ಬಂಧುಗಳ ಮುಂದಿಡುತ್ತಿದ್ದೇವೆ.

ಎರಡಕ್ಕೂ ಸಿ.ಟಿ. ಚಿತ್ರವೇ ಆಧಾರ. ತ್ರೀ-ಡಿ ವಿಧಾನದಲ್ಲಿ ರೋಗದ ಜಾಗದ ಆಕಾರಕ್ಕೆ ತಕ್ಕಂತೆ ಕೆಲವು ದಿಕ್ಕುಗಳಿಂದ ಕಿರಣ ಹಾಯಿಸುವರು. ಐ.ಎಂ.ಆರ್.ಟಿ.ಯಲ್ಲಿ ಕಿರಣದ ತೀವ್ರತೆಯನ್ನೂ ಅಲ್ಲಲ್ಲಿ ಹೆಚ್ಚು-ಕಡಿಮೆ ಮಾಡುವರು. ಪಿತ್ತನಾಳದ ನೆರೆಯಲ್ಲೇ ಯಕೃತ್ತು, ಜಠರ, ಸಣ್ಣಕರುಳು, ಮೂತ್ರಪಿಂಡಗಳಿವೆ. ಇವುಗಳಿಗೆ ತಾಗುವ ಕಿರಣ ಎರಡನೆಯದರಲ್ಲಿ ಸಾಮಾನ್ಯವಾಗಿ ಕಡಿಮೆ. ಆದರೆ ಅದರಿಂದ ಆಯುಷ್ಯ ಹೆಚ್ಚುವುದೆಂಬುದು ಸಿದ್ಧವಾಗಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಔಷಧ ಹಾಗೂ ಕಿರಣ ಎರಡನ್ನೂ ಪಡೆದ 79 ಮಂದಿಯ ಅಮೆರಿಕದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಪಿತ್ತನಾಳ, ಪಿತ್ತಕೋಶಗಳ ಕ್ಯಾನ್ಸರಿನ ಈ ರೋಗಿಗಳಲ್ಲಿ ಶೇಕಡಾ 65ರಷ್ಟು ಜನ ಎರಡು ವರ್ಷ ದಾಟಿದ್ದರು.

ಒಬ್ಬರದೇ ಸಿ.ಟಿ. ಚಿತ್ರದ ಮೇಲೆ ಎರಡೂ ವಿಧಾನಗಳ ಯೋಜನೆ ಹಾಕಿ ಹೋಲಿಸಬಹುದು. ಹಾಗೆ ಮಾಡಿರೆಂದು ನಾವು ಕೇಳಿಕೊಂಡೆವು. ತ್ರೀ-ಡಿಯಲ್ಲಿಯೂ ಅಣ್ಣನವರ ಯಕೃತ್ತು, ಮೂತ್ರಪಿಂಡಗಳು ಸುರಕ್ಷಿತ ಮಿತಿಯೊಳಗೇ ಇದ್ದವು. ಹೊಲ ಉಳಿಯಿತು. ಮಿತಿ ಮೀರಿದ್ದರೆ ಮಾರುವುದೇ ಧರ್ಮವಾಗುತ್ತಿತ್ತು.

ವಾರಕ್ಕೆ ಐದು ದಿನದಂತೆ ಐದಾರು ವಾರ ಈ ಚಿಕಿತ್ಸೆ ತಪ್ಪದೆ ನಡೆಯಬೇಕು. ಹೈದರಾಬಾದಿಗೆ ನಿತ್ಯ ಹೋಗಿಬರುವುದು ರೋಗಿಗೆ ಅಸಾಧ್ಯ. ಕೂಡಿಟ್ಟ ಹಣ ಅಲ್ಲಿನ ವಸತಿಗೆ, ಊಟಕ್ಕೆ ಒದಗಿತು. ಇಂಥವರಿಗೆ ಊರೂರಿನಲ್ಲಿ ಒಂದು ಕೋಣೆ, ಎರಡು ಹೊತ್ತಿನ ಪ್ರಸಾದ ಒದಗಿಸುವುದೂ ದಾಸೋಹವೇ.